ಬಿಟ್ಟು ಹೋಗುವವರ ಲೆಕ್ಕ

ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಸಂಬಳ, ಪಿಎಫ್, ಹಾಜರಿ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ನಲವತ್ತು ಚಿಲ್ಲರೆ ಜನ ಇದ್ದೇವೆ. ಇಂಥ ಕಡೆ ಎಚ್‌ಆರ್ ಅಂತ ಬೇರೆ ಯಾರೂ ಇರುವುದಿಲ್ಲ. ಕೆಲಸ ಬಿಡುವವರು ಮೊದಲು ಬಂದು ನಿಲ್ಲುವುದು ನನ್ನ ಟೇಬಲ್ ಹತ್ತಿರವೇ.

ಕೆಲವು ವರ್ಷಗಳ ಹಿಂದೆ ನಮ್ಮ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮಷೀನನ್ನು ಪ್ರತಿ ಜಾಬ್‌ಗೂ ಹೊಂದಿಸಿ ಕೊಡುವವರು, ಹಾಗೇ ಬಂದರು. ಮಡಚಿದ ಹಾಳೆ ಕೊಟ್ಟು, "ಮೇಡಂ, ಸಾರ್‌ಗೆ ನೀವೇ ಹೇಳಿಬಿಡಿ" ಅಂದರು. ಹನ್ನೊಂದು ವರ್ಷ ಏಳು ತಿಂಗಳ ಸರ್ವಿಸ್. ತುಮಕೂರು ಕಡೆಯವರು. ಊರಿನ ಹತ್ತಿರ, ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತ್ತು. ಅಪ್ಪನಿಗೆ ಹುಷಾರಿರಲಿಲ್ಲ. ಪತ್ರದಲ್ಲಿ ತಾರೀಕೇ ಇರಲಿಲ್ಲ. ತಾರೀಕು, ಕೆಲಸದ ಕೊನೆಯ ದಿನ ಎರಡನ್ನೂ ಬರೆಸಿದೆ. ಒಂದು ಪ್ರತಿಗೆ ಸೀಲು ಹಾಕಿ ಅವರ ಕೈಗೆ ಕೊಟ್ಟೆ. ನೋಟಿಸ್ ಲೆಕ್ಕ ಅಲ್ಲಿಂದ ಶುರು. ಆಮೇಲೆ, "ಸಾರ್‌ಗೆ ನೀವೇ ಹೇಳಿ, ನಾನೂ ಜೊತೆಗೆ ಬರ್ತೀನಿ" ಅಂದೆ.

ಓನರ್‌ಗೆ ಸಿಟ್ಟು ಬಂತು. ಸೆಟ್ಟರ್ ಹೊರಗೆ ಹೋದ ಮೇಲೆ, "ಕೆಲಸ ಕಲಿಸಿದ್ದು ನಾವು. ರಿಲೀವಿಂಗ್ ಲೆಟರ್ ಕೊಡಬೇಡಿ, ಸ್ವಲ್ಪ ಅಲೆಯಲಿ" ಅಂದರು. ಅವರ ಸಂಕಟ ನನಗೂ ಅರ್ಥವಾಗುತ್ತಿತ್ತು. ಒಳ್ಳೆ ಸೆಟ್ಟರ್ ಸಿಗುವುದು ಕಷ್ಟ. ಮೇಲಾಗಿ ದೊಡ್ಡ ಆರ್ಡರ್ ಅರ್ಧಕ್ಕೆ ನಿಂತಿತ್ತು. ಆದರೆ ಒಬ್ಬ ಮನುಷ್ಯನ ಕಾಗದ ಹಿಡಿದಿಟ್ಟುಕೊಂಡರೆ ಆರ್ಡರ್ ಮುಗಿಯುತ್ತಾ? ಹಳೇ ಕಂಪನಿಯವರು ಲೆಟರ್ ಕೊಡಲಿಲ್ಲ ಅಂತ ತಲೆ ತಗ್ಗಿಸಿ ಕೂರುವ ಹುಡುಗರನ್ನು ಇಂಟರ್‌ವ್ಯೂನಲ್ಲಿ ಎಷ್ಟೋ ಸಲ ನೋಡಿದ್ದೇನೆ. "ಹೊಸಬರು ಬಂದರೆ ನಾವು ಮೊದಲು ಕೇಳೋದೇ ಅದನ್ನಲ್ವಾ ಸಾರ್?" ಅಂದೆ. ಅವರು ಏನೂ ಹೇಳಲಿಲ್ಲ.

ಓನರ್ ಮುಂದಿನ ಪ್ರಶ್ನೆ ಗ್ರಾಚ್ಯುಟಿಯದು, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡುವ ಹಣದ್ದು. "ತಾನಾಗಿ ಬಿಟ್ಟು ಹೋಗುವವನಿಗೆ ಯಾಕೆ ಕೊಡಬೇಕು?" ಸಣ್ಣ ಕಾರ್ಖಾನೆಗಳಲ್ಲಿ ಈ ಮಾತು ಜಾಸ್ತಿ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಸ್ಪಷ್ಟವಾಗಿತ್ತು: ಐದು ವರ್ಷ ಬಿಡದೆ ಕೆಲಸ ಮಾಡಿದವರು ರಾಜೀನಾಮೆ ಕೊಟ್ಟರೂ ಅದು ಅವರ ಹಕ್ಕು. ಓನರ್ ಎದುರೇ ಹಾಳೆ ಇಟ್ಟುಕೊಂಡು ಲೆಕ್ಕ ಹಾಕಿದೆ. ಮೂಲ ವೇತನ, ಡಿಎ ಸೇರಿ 18,200 ರೂಪಾಯಿ. ತಿಂಗಳಿಗೆ 26 ಕೆಲಸದ ದಿನ ಅಂತ ಹಿಡಿದು ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದಂತೆ 10,500. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರಿಂದ 12 ವರ್ಷ ಅಂತಲೇ ಹಿಡಿಯಬೇಕು. ಒಟ್ಟು 1,26,000. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ಓನರ್ ಹಾಳೆಯನ್ನು ತಿರುಗಿಸಿಕೊಂಡು ತಾವೇ ಇನ್ನೊಮ್ಮೆ ಕೂಡಿ ನೋಡಿದರು. "ಸರಿ, ಚೆಕ್ ರೆಡಿ ಮಾಡಿ" ಅಂದರು.

ಅಲ್ಲಿಂದ ವಾತಾವರಣವೇ ಬದಲಾಯಿತು. ಸೆಟ್ಟರ್ ಹತ್ತಿರ ಎಣ್ಣೆ ಕಲೆ ಹತ್ತಿದ ಒಂದು ಪುಟ್ಟ ಡೈರಿ ಇತ್ತು. ಯಾವ ಜಾಬ್‌ಗೆ ಅದನ್ನು ಹಿಡಿಯುವ ಯಾವ ಜಾ, ಕತ್ತರಿಸುವ ಯಾವ ಇನ್ಸರ್ಟ್, ಮಷೀನ್‌ಗೆ ಕೊಡುವ ಅಳತೆಯ ಹೊಂದಾಣಿಕೆ, ಅಂದರೆ ಆಫ್‌ಸೆಟ್ ಎಷ್ಟು, ಎಲ್ಲ ಅದರಲ್ಲೇ. ನೋಟಿಸ್ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ದಿನಾ ನನ್ನ ಪಕ್ಕ ಕೂರುತ್ತಿದ್ದರು. ಅವರು ಓದಿ ಹೇಳುವುದು, ನಾನು ಟೈಪ್ ಮಾಡುವುದು. ಸೆಕೆಂಡ್ ಶಿಫ್ಟ್ ಹುಡುಗನನ್ನು ಮಷೀನ್ ಮುಂದೆ ನಿಲ್ಲಿಸಿ, ಆ ಶೀಟ್ ನೋಡಿಕೊಂಡೇ ಸೆಟ್ಟಿಂಗ್ ಮಾಡಿಸಿದರು. ಎರಡು ಕಡೆ ತಪ್ಪು ಕಂಡಿತು, ಅಲ್ಲೇ ತಿದ್ದಿದೆವು. ಇದನ್ನೆಲ್ಲ ಬಲವಂತವಾಗಿ ಮಾಡಿಸಲು ಯಾವ ಕಾನೂನಿಗೂ ಆಗುತ್ತಿರಲಿಲ್ಲ.

ಕೊನೆಯ ದಿನ ಸಂಬಳ, ಉಳಿದ ರಜೆಯ ಹಣ, ಗ್ರಾಚ್ಯುಟಿ ಚೆಕ್, ಸರ್ವಿಸ್ ಸರ್ಟಿಫಿಕೇಟ್, ರಿಲೀವಿಂಗ್ ಲೆಟರ್ ಎಲ್ಲ ಒಂದೇ ಕವರ್‌ನಲ್ಲಿ ಕೊಟ್ಟೆವು. ಓನರ್ ಕೈ ಹಿಡಿದು, "ಅಪ್ಪನ್ನ ಚೆನ್ನಾಗಿ ನೋಡ್ಕೊಳಪ್ಪ" ಅಂದರು.

ನನಗೆ ಇನ್ನೊಂದು ಕೆಲಸ ಬಾಕಿ ಇತ್ತು. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಕು ಹಾಕದಿದ್ದರೆ ಹಣ ಹೊಸ ಖಾತೆಗೆ ವರ್ಗವಾಗಲು ತೊಂದರೆಯಾಗಬಹುದು. ಅದನ್ನು ಹಾಕಿ ಫೋನ್ ಮಾಡಿದೆ. "ಹಣ ತೆಗೀಬೇಡಿ, ವರ್ಗ ಮಾಡಿಸ್ಕೊಳ್ಳಿ. ಹತ್ತು ವರ್ಷ ದಾಟಿದೆ, ಪಿಂಚಣಿಗೆ ಬೇಕಾಗುತ್ತೆ" ಅಂತ ಹೇಳಿದೆ.

ಈಗ ಯಾರೇ ರಾಜೀನಾಮೆ ಪತ್ರ ತಂದರೂ ಓನರ್ ಮೊದಲು ಕೇಳುವುದು ಎರಡೇ ಮಾತು: ಶೀಟ್ ಬರೆಸೋಕೆ ಯಾವಾಗ ಕೂರ್ತೀರಿ, ಗ್ರಾಚ್ಯುಟಿ ಎಷ್ಟಾಗುತ್ತೆ.