ಕೂದಲು ಉದುರದ ನಾಯಿ ಯಾವುದು ಅಂತ ಕೇಳುವವರಿಗೆ

"ಮೇಡಂ, ಕೂದಲು ಉದುರದೇ ಇರೋ ನಾಯಿ ಯಾವ್ದು?" ವಾರಕ್ಕೆ ಎರಡು ಸಲವಾದರೂ ಈ ಫೋನ್ ಬರುತ್ತದೆ. ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲೇ ಎಂಟು ವರ್ಷದಿಂದ ನಾಯಿಗಳಿಗೆ ಸ್ನಾನ, ಕಟಿಂಗ್ ಮಾಡಿಕೊಂಡು ಬಂದವಳು ನಾನು. ನನ್ನನ್ನಲ್ಲದೆ ಇನ್ಯಾರನ್ನು ಕೇಳಬೇಕು ಪಾಪ! ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬರ ಮನೆಯಲ್ಲಿ ಮಾವನವರ ಮಡಿ, ದೇವರ ಮನೆ ಹೊಸ್ತಿಲಲ್ಲಿ ಒಂದೇ ಒಂದು ಕೂದಲು ಕಂಡರೂ ಅವತ್ತೆಲ್ಲ ಮೌನವ್ರತ. ಇನ್ನೊಬ್ಬರಿಗೆ ಸಾರಿನಲ್ಲಿ ಸಿಕ್ಕಿತ್ತಂತೆ. ಕಳೆದ ತಿಂಗಳು ಫೋನ್ ಮಾಡಿದ ಹುಡುಗನದು ಅಮ್ಮನ ಉಬ್ಬಸದ ಚಿಂತೆ. ಅವನ ಕಥೆಗೆ ಆಮೇಲೆ ಬರುತ್ತೇನೆ.

ಉದುರದೇ ಇರೋ ನಾಯಿ ಅಂತ ಇಲ್ಲ. ಕಡಿಮೆ ಉದುರಿಸುವವು ಇವೆ: ಪೂಡಲ್, ಶಿಟ್ಜು, ಮಾಲ್ಟೀಸ್, ಲ್ಹಾಸಾ ಆಪ್ಸೊ, ಮಿನಿಯೇಚರ್ ಶ್ನೌಜರ್. ಗೂಗಲ್ ಕೇಳಿದರೂ ಇದೇ ಪಟ್ಟಿ ಕೊಡುತ್ತದೆ. ಪಟ್ಟಿ ನೋಡಿ ಮರಿ ತಂದವರು ಆರು ತಿಂಗಳಾದ ಮೇಲೆ ನನ್ನ ಶೆಡ್ಡಿಗೆ ಬರುತ್ತಾರಲ್ಲ, ಅಲ್ಲಿಂದ ಶುರುವಾಗುತ್ತದೆ ನಿಜವಾದ ವಿಷಯ.

ಮೊದಲು ಲ್ಯಾಬ್ರಡಾರ್ ಬಗ್ಗೆ ಎರಡು ಮಾತು. "ಗಿಡ್ಡ ಕೂದಲಲ್ವಾ, ಉದುರೋದು ಕಮ್ಮಿ" ಅಂದುಕೊಂಡು ತರುವವರು ಇವತ್ತಿಗೂ ಇದ್ದಾರೆ. ಕೂದಲಿನ ಉದ್ದಕ್ಕೂ ಉದುರುವುದಕ್ಕೂ ಸಂಬಂಧವೇ ಇಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೊರೆಯುವ ನೀರಿನಲ್ಲಿ ಮೀನುಗಾರರ ಜೊತೆ ಇದ್ದ ನಾಯಿಗಳ ವಂಶ ಅದು. ಮೈಮೇಲೆ ಎರಡು ಪದರ, ಮೇಲೆ ನೀರು ಜಾರುವ ಒರಟು ಕೂದಲು, ಒಳಗೆ ಹತ್ತಿಯಂಥದ್ದು. ಜರ್ಮನ್ ಶೆಫರ್ಡ್, ಗೋಲ್ಡನ್, ಹಸ್ಕಿ, ನಾವೆಲ್ಲ ಪಾಮ್ ಅಂತ ಕರೆಯುವ ಬಿಳಿ ಸ್ಪಿಟ್ಜ್, ಎಲ್ಲವೂ ಈ ಡಬಲ್ ಕೋಟಿನವೇ. ಸ್ಪಿಟ್ಜ್‌ನ ಉದ್ದ ಕೂದಲಾದರೂ ಉಂಡೆಯಾಗಿ ಮಂಚದ ಕೆಳಗೆ ಉರುಳಾಡುತ್ತದೆ, ಗುಡಿಸಿದರೆ ಬರುತ್ತದೆ. ಲ್ಯಾಬಿನದು ಸೂಜಿ ಥರ ಸೋಫಾಕ್ಕೆ ನಾಟಿಕೊಂಡರೆ ಕೈಯಲ್ಲಿ ಒಂದೊಂದೇ ಕೀಳಬೇಕು. ನಾನು ಕಂಡ ಹಾಗೆ ಬಿಳಿ ಪಂಚೆಯವರ ಮನೆಗೆ ಕಪ್ಪು ಲ್ಯಾಬೂ, ಕಪ್ಪು ಪ್ಯಾಂಟಿನವರ ಮನೆಗೆ ಹಳದಿ ಲ್ಯಾಬೂ ಹೇಗೋ ಬಂದು ಸೇರಿರುತ್ತವೆ.

ಇನ್ನು ಪೂಡಲ್. ಪ್ರತಿ ಕೂದಲೂ ಬೆಳೆದು, ನಿಂತು, ಕಳಚಿಕೊಳ್ಳುತ್ತದೆ. ಲ್ಯಾಬಿನದು ಒಂದಳತೆಗೆ ಬೆಳೆದು ನಿಂತುಬಿಡುತ್ತದೆ, ಆಮೇಲೆ ಅದಕ್ಕಿರುವುದು ಬೀಳುವ ಕೆಲಸ. ಪೂಡಲಿನದು ನಮ್ಮ ತಲೆಗೂದಲಿನ ಹಾಗೆ, ಬೆಳೆಯುವ ಕಾಲವೇ ಬಹಳ ದೀರ್ಘ. ಅಷ್ಟಾದರೂ ಕಳಚುವುದು ಕಳಚಿಯೇ ಕಳಚುತ್ತದೆ, ಆದರೆ ಗುಂಗುರಿಗೆ ಸಿಕ್ಕಿ ಮೈಮೇಲೇ ಉಳಿದುಬಿಡುತ್ತದೆ. ನೆಲದ ಮೇಲೆ ಕಾಣಿಸದ ಆ ಕೂದಲನ್ನು ಯಾರೋ ಒಬ್ಬರು ಬಾಚಿ ತೆಗೆಯಲೇಬೇಕು. ಅದಕ್ಕೇ ಫೋನ್ ಮಾಡಿದವರನ್ನು ನಾನು ತಿರುಗಿ ಕೇಳುವುದು: ನಿಮಗೆ ಪೊರಕೆ ಹಿಡಿಯೋದು ಕಷ್ಟಾನಾ, ಬಾಚಣಿಗೆ ಹಿಡಿಯೋದು ಕಷ್ಟಾನಾ?

ಹೋದ ಮಳೆಗಾಲದಲ್ಲಿ ಎರಡು ವರ್ಷದ ಒಂದು ಶಿಟ್ಜು ಬಂತು. ನೋಡಲು ಗೊಂಬೆ, ನೆತ್ತಿಯ ಮೇಲೆ ಕೆಂಪು ರಿಬ್ಬನ್ನಿನ ಜುಟ್ಟು. ಸ್ಟೀಲ್ ಹಣಿಗೆ ತೆಗೆದುಕೊಂಡು ಬೆನ್ನಿನ ಮೇಲೆ ಬುಡಕ್ಕಿಳಿಸಲು ಹೋದರೆ ಬೆರಳಗಲವೂ ಇಳಿಯಲಿಲ್ಲ. ಮೇಲೆ ಮೇಲೆ ಬ್ರಷ್ ಆಡಿಸಿದ್ದರು, ಒಳಗೆ ಕೂದಲು ಜಡೆಗಟ್ಟಿ ಕಂಬಳಿಯಾಗಿತ್ತು. ಗಂಟಿದ್ದಾಗಲೇ ಸ್ನಾನ ಮಾಡಿಸಿ ಬುಡ ಒಣಗಿಸದೆ ಬಿಟ್ಟರೆ ಆ ಗಂಟು ಇನ್ನಷ್ಟು ಬಿಗಿಯುತ್ತದೆ. ಬಿಡಿಸುವ ಪ್ರಶ್ನೆಯೇ ಇರಲಿಲ್ಲ. 10ನೇ ನಂಬರ್ ಬ್ಲೇಡ್ ಹಾಕಿ ಚರ್ಮದ ಮೇಲೇ ಮೆಲ್ಲಗೆ ಮಷಿನ್ ಓಡಿಸುತ್ತಾ ಹೋದೆ. ಕುರಿಯ ತುಪ್ಪಟ ಕತ್ತರಿಸುವಾಗ ಬರುವ ಹಾಗೆ ಇಡೀ ಕೋಟು ಒಂದೇ ಹಾಳೆಯಾಗಿ ಎದ್ದು ಬಂತು. ಅದರಡಿ ಚರ್ಮ ಕೆಂಪಗೆ, ಒದ್ದೆಯಾಗಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಬಲಗಡೆಯ ಕಂಕುಳಲ್ಲಿ ಉಬ್ಬಿಕೊಂಡ ಉಣ್ಣೆಹುಳ, ಎಣಿಸಿದರೆ ಹನ್ನೊಂದು. ಆ ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. "ಒಂದು ಕೂದಲೂ ಉದುರ್ತಿರಲಿಲ್ಲ ಮೇಡಂ, ಎಲ್ಲ ಸರಿಯಾಗಿದೆ ಅಂದ್ಕೊಂಡಿದ್ವಿ."

ಇಷ್ಟೆಲ್ಲ ಹೇಳಿದ ಮೇಲೂ ಬಾಚುತ್ತೇನೆ ಎನ್ನುವವರಿಗೆ ನಾನು ಹೇಳುವುದು ಪೂಡಲ್. ಮೊದ್ದು ಅಲಂಕಾರದ ನಾಯಿ ಅಂತ ಜನ ತಪ್ಪು ತಿಳಿದಿದ್ದಾರೆ, ಚುರುಕಿನಲ್ಲಿ ಅದನ್ನು ಮೀರಿಸುವವು ಕಡಿಮೆ. ಆದರೆ ದಿನ ಬಿಟ್ಟು ದಿನ ಬಾಚಬೇಕು, ನಾಲ್ಕರಿಂದ ಆರು ವಾರಕ್ಕೊಮ್ಮೆ ಕಟಿಂಗ್ ಬೇಕು, ಇಡೀ ಆಯಸ್ಸು. ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಹೊತ್ತು, ಅಂದರೆ ವರ್ಷ ತುಂಬುವ ಆಸುಪಾಸು, ಎಲ್ಲಕ್ಕಿಂತ ಕಷ್ಟ. ಆ ಎರಡು ಮೂರು ತಿಂಗಳು ದಿನಾ ಗಂಟು. "ಟೀ ಕಪ್ ಪೂಡಲ್" ಅಂತ ಯಾರಾದರೂ ತೋರಿಸಿದರೆ ದಯವಿಟ್ಟು ಎದ್ದು ಬನ್ನಿ. ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬುಗಳ ಲೆಕ್ಕದಲ್ಲಿ 'ಟಾಯ್' ಎನ್ನುವ ಗಾತ್ರಕ್ಕಿಂತ ಚಿಕ್ಕ ಪೂಡಲ್ ಇಲ್ಲ.

ಎರಡು ತಿಂಗಳ ಮರಿಯ ಮೈ ಸವರಿ ಮುಂದೆ ಉದುರುತ್ತದೋ ಇಲ್ಲವೋ ಹೇಳಲಾಗದು. ತಾಯಿ ನಾಯಿಯನ್ನು ನೋಡಿ. ಇನ್ನೊಂದು ಗುರುತು ಮುಖದಲ್ಲಿದೆ: ಮೀಸೆ, ಗಡ್ಡ, ಪೊದೆ ಹುಬ್ಬು. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು, ನಾಯಿಗಳ ಕೂದಲಿನ ವೈವಿಧ್ಯದ ಬಹುಪಾಲು ಮೂರೇ ಜೀನುಗಳ ಆಟ ಅಂತ ತೋರಿಸಿತು. ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಒಂದು ಈ ಮೀಸೆ-ಗಡ್ಡಕ್ಕೆ. ಮೀಸೆ-ಗಡ್ಡದ ಜೀನಿಗೂ ಕೂದಲು ಕಡಿಮೆ ಉದುರುವುದಕ್ಕೂ ನಂಟಿದೆ ಅಂತ ಆಮೇಲೆ ಗೊತ್ತಾಯಿತು. ಲ್ಯಾಬಿಗೂ ಪೂಡಲಿಗೂ ಹುಟ್ಟಿದ ಮರಿಗಳನ್ನು ಲ್ಯಾಬ್ರಡೂಡಲ್ ಅಂತ ದುಬಾರಿ ಬೆಲೆಗೆ ಮಾರುತ್ತಾರಲ್ಲ, ಅಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಮೀಸೆ ಇಲ್ಲದ ನುಣ್ಣನೆ ಮುಖದ ಮರಿ ಅಪ್ಪಟ ಲ್ಯಾಬಿನ ಹಾಗೇ ಉದುರಿಸುವುದುಂಟು. ಆ ಮಿಶ್ರತಳಿಗೆ ಹೆಸರು ತಂದುಕೊಟ್ಟವರು ಆಸ್ಟ್ರೇಲಿಯಾದ ವಾಲಿ ಕಾನ್ರನ್. 1980ರ ದಶಕದ ಕೊನೆಯಲ್ಲಿ, ಹವಾಯಿಯ ಅಂಧ ಮಹಿಳೆಯೊಬ್ಬರ ಗಂಡನಿಗೆ ನಾಯಿ ಅಲರ್ಜಿ ಅಂತ, ಪೂಡಲ್ ಮತ್ತು ಲ್ಯಾಬ್ ಕೂಡಿಸಿ ದಾರಿ ತೋರಿಸುವ ನಾಯಿ ಮಾಡಲು ಹೊರಟವರು. ಆಮೇಲೆ ಅದರ ವ್ಯಾಪಾರ ನೋಡಿ ಯಾಕಾದರೂ ಮಾಡಿದೆನೋ ಅಂತ ಬಹಿರಂಗವಾಗಿಯೇ ಹೇಳಿಕೊಂಡರು.

ಬಾಚುವುದಿಲ್ಲ, ಪಾರ್ಲರಿಗೂ ಬರುವುದಿಲ್ಲ, ಆದರೆ ಬೆಳಗ್ಗೆ ಎದ್ದು ಓಡಿಸುತ್ತೇನೆ ಎನ್ನುವವರು ನಮ್ಮ ಮುಧೋಳ ನಾಯಿಯ ಕಡೆ ನೋಡಬಹುದು. ಗಿಡ್ಡ, ನುಣುಪು ಕೂದಲು, ಒಳಗೆ ಹತ್ತಿಯಂಥ ದಪ್ಪ ಪದರ ಇಲ್ಲ. ಉದುರುತ್ತದೆ, ಆದರೆ ಲ್ಯಾಬಿನ ಮುಂದೆ ಅದು ಲೆಕ್ಕಕ್ಕಿಲ್ಲ. ವಾರಕ್ಕೆರಡು ಸಲ ಒದ್ದೆ ಟವೆಲ್ಲಿನಲ್ಲಿ ಒರೆಸಿದರೆ ಮುಗಿಯಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಂಚೆ ಇಲಾಖೆ 2005ರಲ್ಲಿ ಈ ನಾಯಿಯ ಚೀಟಿಯನ್ನೂ ತಂದಿದೆ. ಆದರೆ ಮೊಲ ಅಟ್ಟಿಸಿಕೊಂಡು ಓಡಲು ಹುಟ್ಟಿದ ಪ್ರಾಣಿಯನ್ನು ಎರಡು ಬೆಡ್‌ರೂಮಿನಲ್ಲಿ ಕಟ್ಟಿಹಾಕಿದರೆ ಕೂದಲಿರಲಿ, ಸೋಫಾನೇ ಉಳಿಯುವುದಿಲ್ಲ.

ಈಗ ಉಬ್ಬಸದ ಅಮ್ಮ. ಜನ ಇಲ್ಲೇ ಎಡವುವುದು. ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿರುವ ಪ್ರೋಟೀನು. ಕ್ಯಾನ್ ಎಫ್ 1 ಅಂತ ಅದರಲ್ಲಿ ಮುಖ್ಯವಾದದ್ದರ ಹೆಸರು. ಮೈ ನೆಕ್ಕಿಕೊಳ್ಳುವ ಯಾವ ನಾಯಿಯೂ ಇದನ್ನು ಹರಡುತ್ತದೆ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು 2011ರಲ್ಲಿ 173 ಮನೆಗಳ ಧೂಳು ಪರೀಕ್ಷಿಸಿದಾಗ, 'ಅಲರ್ಜಿ ತರದ ತಳಿ' ಎನ್ನುವ ನಾಯಿಗಳ ಮನೆಗೂ ಬೇರೆ ತಳಿಯ ನಾಯಿಗಳ ಮನೆಗೂ ಈ ಪ್ರೋಟೀನಿನ ಪ್ರಮಾಣದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಅಲರ್ಜಿ ತರದ ತಳಿ ಅಂತ ಒಬಾಮಾ ಮನೆಗೆ ಬಂದ ಪೋರ್ಚುಗೀಸ್ ವಾಟರ್ ಡಾಗ್ ಹೆಸರು ಹೇಳಿ ಮರಿ ಮಾರುವವರಿಗೆ ಇದು ಬೇಡದ ಸುದ್ದಿ.

ಆ ಹುಡುಗನಿಗೆ, "ಡಾಕ್ಟರನ್ನ ಕೇಳಿ, ಅವರು ಆಗಲಿ ಅಂದ್ರೆ ಅಮ್ಮನ್ನ ಕರ್ಕೊಂಡು ಬಾಪ್ಪ, ಇನ್ಹೇಲರ್ ಬ್ಯಾಗಲ್ಲಿರಲಿ" ಅಂದೆ. ಬಂದರು. ನನ್ನ ಪೂಡಲನ್ನು ತೊಡೆಯ ಮೇಲೆ ಕೂರಿಸಿಕೊಂಡು ಚೆನ್ನಾಗಿಯೇ ಮಾತಾಡಿಸಿದರು. ಸೀರೆಗೆ ಒಂದು ಕೂದಲು ಅಂಟಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಕಣ್ಣು ಕೆಂಪಾಗಿ ಸೀನು ಶುರುವಾಯಿತು. "ಪಾಪ, ಅದೇನು ಮಾಡೀತು" ಅಂತ ನಾಯಿಯನ್ನು ಕೆಳಗಿಳಿಸಿ ಎದ್ದರು. ಮರಿ ತಂದ ಮೇಲೆ ಇದು ಗೊತ್ತಾಗಿದ್ದರೆ ಅದು ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತು?

ಈಗಾಗಲೇ ಮನೆಯಲ್ಲಿ ಲ್ಯಾಬ್ ಇದೆ, ಬೋಳಿಸಿಬಿಡಿ ಎನ್ನುವವರಿಗೆ: ನಾನು ಬೋಳಿಸುವುದಿಲ್ಲ. ಬಿಸಿಲಿಗೆ ಚರ್ಮ ಸುಡುತ್ತದೆ, ಕೆಲವಕ್ಕೆ ತಿರುಗಿ ಸರಿಯಾಗಿ ಬೆಳೆಯುವುದೂ ಇಲ್ಲ, ಉದುರುವುದೂ ನಿಲ್ಲುವುದಿಲ್ಲ, ಉದುರುವ ತುಂಡು ಗಿಡ್ಡದಾಗುತ್ತದೆ ಅಷ್ಟೇ. ಬರೀ ಮೊಸರನ್ನ ಹಾಕುತ್ತಿದ್ದರೆ ದಿನಾ ಮೊಟ್ಟೆಯನ್ನೋ ಬೇಯಿಸಿದ ಚಿಕನ್ನನ್ನೋ ಸೇರಿಸಿ, ಕೂದಲೇ ಪ್ರೋಟೀನು. ಬೋಳು ಬೋಳಾಗಿ ಉದುರುತ್ತಿದ್ದರೆ, ಕೆರೆದುಕೊಳ್ಳುತ್ತಿದ್ದರೆ ಅದು ಡಾಕ್ಟರ ಕೆಲಸ, ನನ್ನದಲ್ಲ. ಇಲ್ಲವಾದರೆ ರಬ್ಬರ್ ಬ್ರಷ್ ತೆಗೆದುಕೊಂಡು ಸಂಜೆ ಹತ್ತು ನಿಮಿಷ ಮನೆಯ ಹೊರಗೆ ಉಜ್ಜಿ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಮೊದಲು ನೋಡಿಕೊಳ್ಳಿ, ಪಕ್ಕದ ಮನೆಯವರು ಬಟ್ಟೆ ಒಣಹಾಕಿರುತ್ತಾರೆ.