ಉಣುಗಿಗೆ ಎಷ್ಟು ಕಾಲು?

ನಮ್ಮ ಜೀವಶಾಸ್ತ್ರದ ಮೇಷ್ಟ್ರ ಬಾಯಲ್ಲಿ ಸದಾ ಒಂದೇ ಪ್ರಶ್ನೆ: "ಎಣಿಸಿದ್ಯಾ?" ಸಂಧಿಪದಿಗಳ ಪಾಠ ಶುರುವಾದ ಮೇಲಂತೂ ಲ್ಯಾಬಿನಲ್ಲಿ ಬೇರೆ ಮಾತೇ ಇಲ್ಲ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು, ಏಡಿಗೆ ಇಕ್ಕಳದಂಥ ಕೊಂಬೂ ಸೇರಿ ಹತ್ತು. ಜರಿಗೆ ಉಂಗುರಕ್ಕೆ ಒಂದು ಜೊತೆ, ಚೋರಟೆಗೆ (ಸಹಸ್ರಪದಿಗೆ) ಹೆಚ್ಚಿನ ಉಂಗುರಗಳಲ್ಲಿ ಎರಡೆರಡು ಜೊತೆ.

ನಮ್ಮೂರು ಸೊರಬದ ಕಡೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಮಂಗ ಸತ್ತ ಸುದ್ದಿ ಬಂದರೆ ಅಜ್ಜಿ ಕಾಡಿನಿಂದ ದರಕು (ಒಣಗಿದ ಎಲೆ) ತರಲು ಯಾರನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಆ ಕಾಯಿಲೆ ಹರಡುವ ಉಣುಗು ಅಂದ್ರೆ ನನಗೆ ಪಾಠಕ್ಕಿಂತ ಮೊದಲೇ ಪರಿಚಯ.

ಒಂದು ಸೋಮವಾರ ಕಾಲುಚೀಲಕ್ಕೆ ಹತ್ತಿದ್ದ ಪುಡಿಯಂಥ ಮರಿ ಉಣುಗುಗಳನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ತಂದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರೇ ಕಾಲು! ಮೂರು ಸಲ ಎಣಿಸಿದೆ. ಜಂಬದಿಂದ ರೆಕಾರ್ಡಿನಲ್ಲಿ 'ಕೀಟ' ಅಂತ ಬರೆದೆ.

ಮೇಷ್ಟ್ರು ಬಗ್ಗಿ ನೋಡಿದರು. "ಎಣಿಕೆ ಸರಿ ಇದೆ. ಮೀಸೆ ಎಲ್ಲಿ? ತಲೆ, ಎದೆ, ಹೊಟ್ಟೆ ಬೇರೆ ಬೇರೆ ತೋರಿಸು ನೋಡೋಣ."

ಎಲ್ಲಿಂದ ತೋರಿಸಲಿ? ಇಡೀ ಮೈ ಒಂದೇ ಚೀಲ. ಮುಂದೆ ಚುಚ್ಚುವ ಬಾಯಿ, ಅಷ್ಟೇ.

ಮಾರನೇ ದಿನ ಅವರೇ ಯಾರದೋ ಕೊಟ್ಟಿಗೆಯ ಹಸುವಿನ ಕಿವಿಯಿಂದ ಒಂದು ಉಣುಗು ಕಿತ್ತು ತಂದರು. ರಕ್ತ ಕುಡಿದು ಹುಣಸೆ ಬೀಜದಷ್ಟಾಗಿತ್ತು. ಎಣಿಸಿದರೆ ಎಂಟು ಕಾಲು. ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲಂತೆ. ಒಮ್ಮೆ ಹೊಟ್ಟೆ ತುಂಬಾ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟಾಗುತ್ತದೆ. ಮಂಗನ ಕಾಯಿಲೆ ಮನುಷ್ಯರಿಗೆ ಅಂಟಿಸುವುದು ಜಾಸ್ತಿ ಮರಿಗೂ ಪೂರ್ತಿ ಬೆಳೆದ ಉಣುಗಿಗೂ ನಡುವಿನ ಈ ಹಂತದವೇ. ಬಳಗದಲ್ಲಿ ಉಣುಗು ಜೇಡ, ಚೇಳುಗಳ ನೆಂಟ. ನನ್ನ 'ಕೀಟ'ದ ಮೇಲೆ ಕೆಂಪು ಗೆರೆ ಬಿತ್ತು. ಸುಮ್ನೆ ಹೇಳಬಾರದು, ಪಕ್ಕದಲ್ಲಿ 'ಎಣಿಸಿದ್ದಕ್ಕೆ' ಅಂತ ಅರ್ಧ ಅಂಕವೂ ಸಿಕ್ಕಿತು.

ಸಹಸ್ರಪದಿ ಅನ್ನೋ ಹೆಸರಿನ ಮೇಲೆ ಮಾತ್ರ ಅವರಿಗೆ ಸಿಟ್ಟು. "ಸಾವಿರ ಕಾಲು ಯಾವ ಚೋರಟೆಗಿದೆ? ಹೆಸರಿಟ್ಟವನು ಎಣಿಸಿಲ್ಲ!" ಅನ್ನುತ್ತಿದ್ದರು. 2021ರಲ್ಲಿ ಆಸ್ಟ್ರೇಲಿಯಾದ ನೆಲದಾಳದಲ್ಲಿ 1,306 ಕಾಲಿನ ಚೋರಟೆ ಸಿಕ್ಕ ಸುದ್ದಿ ಓದಿದ ಕೂಡಲೇ ಅವರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಎಲ್ಲಾ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎರಡು ಸಲ ಎಣಿಸಿದಾರಾ?" ಅಂದರು.