ವಾಲ್ಡನ್ ಪಾಠ ಶುರುವಾಗುವುದು ಖರ್ಚಿನ ಪಟ್ಟಿಯಿಂದ

ಪದವಿ ತರಗತಿಗಳಿಗೆ ಅಮೆರಿಕನ್ ಸಾಹಿತ್ಯ ಪಾಠ ಮಾಡುವುದು ನನ್ನ ಕೆಲಸ. ಹತ್ತೊಂಬತ್ತನೇ ಶತಮಾನದ ಲೇಖಕರಾದ ಎಮರ್ಸನ್ ಮತ್ತು ಥೋರೋ ಪ್ರತಿ ವರ್ಷವೂ ಬರುತ್ತಾರೆ. ಪರೀಕ್ಷೆಯ ಗೈಡುಗಳಲ್ಲಿ ಇವರ ಟ್ರಾನ್ಸೆಂಡೆಂಟಲಿಸಂ ಎಂಬ ಚಿಂತನೆ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ: ಪ್ರಕೃತಿಯಲ್ಲಿ ದೈವವಿದೆ, ವ್ಯಕ್ತಿಗೆ ಅವನ ಅಂತರಂಗವೇ ಪ್ರಮಾಣ. ಎರಡೂ ಸುಳ್ಳಲ್ಲ. ಆದರೆ ಅಷ್ಟನ್ನೇ ಬಾಯಿಪಾಠ ಮಾಡಿದವರ ಕೈಗೆ, ಥೋರೋ ವಾಲ್ಡನ್ ಕೆರೆಯ ದಡದಲ್ಲಿ ತಾನೇ ಮನೆ ಕಟ್ಟಿ ಒಬ್ಬನೇ ಬದುಕಿದ ಅನುಭವ ಬರೆದ ‘ವಾಲ್ಡನ್’ ಕೊಟ್ಟರೆ ಮೊದಲ ಅಧ್ಯಾಯದಲ್ಲೇ ಕಂಗಾಲಾಗುತ್ತಾರೆ. ಕೆರೆ, ಕಾಡು, ಧ್ಯಾನ ಇರಬಹುದೆಂದು ಪುಟ ತಿರುವಿದರೆ ಅಲ್ಲಿ ಮೊಳೆ, ಸುಣ್ಣ, ಹಳೆಯ ಇಟ್ಟಿಗೆಗಳ ಲೆಕ್ಕವಿರುತ್ತದೆ. ನಾನು ಪಾಠ ಆರಂಭಿಸುವುದು ಆ ಲೆಕ್ಕದಿಂದಲೇ.

ಆ ಮನೆಗೆ ಥೋರೋ ಮಾಡಿದ ಖರ್ಚಿನ ಪಟ್ಟಿಯಿಂದ ಕೆಲವನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಗಾಜಿನ ಸಮೇತ ಎರಡು ಹಳೆಯ ಕಿಟಕಿ, 2 ಡಾಲರ್ 43 ಸೆಂಟ್. ಸಾವಿರ ಹಳೆಯ ಇಟ್ಟಿಗೆ, 4 ಡಾಲರ್. ಮೊಳೆ, 3 ಡಾಲರ್ 90 ಸೆಂಟ್. ಎರಡು ಪೀಪಾಯಿ ಸುಣ್ಣ, 2 ಡಾಲರ್ 40 ಸೆಂಟ್. ಪಕ್ಕದಲ್ಲೇ ‘ದುಬಾರಿಯಾಯಿತು’ ಎಂಬ ಟಿಪ್ಪಣಿ. ಗಾರೆಗೆ ಬೆರೆಸುವ ಕೂದಲು 31 ಸೆಂಟ್, ‘ಬೇಕಾದ್ದಕ್ಕಿಂತ ಹೆಚ್ಚು’. ಸೀಮೆಸುಣ್ಣ 1 ಸೆಂಟ್. ಸಾಗಣೆ 1 ಡಾಲರ್ 40 ಸೆಂಟ್, ಬಹಳಷ್ಟನ್ನು ಬೆನ್ನ ಮೇಲೆಯೇ ಹೊತ್ತನಂತೆ. ಪಟ್ಟಿಯಲ್ಲಿ ಉಳಿದದ್ದೂ ಎಲ್ಲ ಸೇರಿ 28 ಡಾಲರ್ ಹನ್ನೆರಡೂವರೆ ಸೆಂಟ್. ಹತ್ತಡಿ ಅಗಲ, ಹದಿನೈದಡಿ ಉದ್ದದ ಮನೆ. ಮುಂದೆಯೇ ಅವನು ಹೇಳುತ್ತಾನೆ: ಇದಕ್ಕಿಂತ ತುಸು ದೊಡ್ಡದಾದ ಕೋಣೆಗೆ ಹಾರ್ವರ್ಡ್ ಕಾಲೇಜಿನ ವಿದ್ಯಾರ್ಥಿ ವರ್ಷಕ್ಕೆ 30 ಡಾಲರ್ ಬಾಡಿಗೆ ತೆರುತ್ತಾನೆ. ಹಾಸ್ಟೆಲಿನಲ್ಲಿರುವ ಮಕ್ಕಳು ಈ ಸಾಲಿಗೆ ನೆಟ್ಟಗೆ ಕೂರುತ್ತಾರೆ. ಯಾರೋ ಒಬ್ಬರು ತಮ್ಮ ಕೋಣೆಯ ಅಳತೆ ಹೇಳುತ್ತಾರೆ, ಇನ್ನೊಬ್ಬರು ಶುಲ್ಕದ ಲೆಕ್ಕ ತೆಗೆಯುತ್ತಾರೆ. ಅಲ್ಲಿಂದ ಮುಂದೆ ಪುಸ್ತಕ ಅವರದ್ದಾಗುತ್ತದೆ.

ಇದು ಸಾಹಿತ್ಯ ಪಾಠ ಹೇಗಾಯಿತು? ಉತ್ತರಕ್ಕೆ ಎಮರ್ಸನ್‌ನ 1836ರ ‘ನೇಚರ್’ ಕೃತಿಯ ಪ್ರಾರಂಭವನ್ನು ಓದಿಸುತ್ತೇನೆ. ಹಿಂದಿನವರು ದೇವರನ್ನೂ ಪ್ರಕೃತಿಯನ್ನೂ ಎದುರೆದುರೇ ಕಂಡರು. ನಾವು ಮಾತ್ರ ಅವರ ಕಣ್ಣಿನಿಂದ ಏಕೆ ನೋಡಬೇಕು, ಜಗತ್ತಿನ ಜೊತೆ ನಮ್ಮದೇ ಆದ ನೇರ ಸಂಬಂಧ ಏಕಿರಬಾರದು ಎಂದು ಅವನು ಕೇಳುತ್ತಾನೆ. ಕೇಳುವ ಹಕ್ಕನ್ನು ಅವನು ಸಂಪಾದಿಸಿದ್ದ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ವಿಧಿಯನ್ನು ಮನಸ್ಸೊಪ್ಪಿ ನಡೆಸಲಾಗದು ಎಂದು 1832ರಲ್ಲಿ ಬಾಸ್ಟನ್ನಿನ ಚರ್ಚಿನ ಪಾದ್ರಿ ಹುದ್ದೆಯನ್ನೇ ಬಿಟ್ಟು ಬಂದವನು. ಅವನು ವೇದಿಕೆಯಿಂದ ಹೇಳಿದ್ದನ್ನು ಹದಿನಾಲ್ಕು ವರ್ಷ ಕಿರಿಯನಾದ ಥೋರೋ ಕೈಯಲ್ಲಿ ಹಿಡಿದು ನೋಡಿದ. ವ್ಯಕ್ತಿ ಸ್ವಾತಂತ್ರ್ಯ ಎಂದರೆ ಯಾರ ಮಾತನ್ನೂ ಕೇಳದಿರುವುದು ಎಂದು ಹುಡುಗರು ತಿಳಿಯುವುದು ಸುಲಭ. ಥೋರೋನಲ್ಲಿ ಅದು ತಾನೇ ಪರೀಕ್ಷಿಸಿ ನೋಡುವ ಶ್ರಮ ಎಂಬುದನ್ನು ಮನಗಾಣಿಸುವುದೇ ಈ ಪಾಠದ ಮುಖ್ಯ ಕೆಲಸ.

ಅದಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಸಾಕ್ಷ್ಯ ಕೆರೆಯ ಆಳದ ಪ್ರಸಂಗ. ವಾಲ್ಡನ್ ಕೆರೆಗೆ ತಳವೇ ಇಲ್ಲ ಎಂದು ಹತ್ತಿರದ ಊರಾದ ಕಾಂಕಾರ್ಡಿನ ಜನ ನಂಬಿದ್ದರು. ಕೆಲವರು ಮಂಜುಗಡ್ಡೆಯ ಮೇಲೆ ಬೋರಲು ಮಲಗಿ, ಕಣ್ಣಲ್ಲಿ ನೀರು ಬರುವವರೆಗೆ ಕೆಳಗೆ ದಿಟ್ಟಿಸಿ ಆ ತೀರ್ಮಾನಕ್ಕೆ ಬಂದಿದ್ದರಂತೆ. 1846ರ ಆರಂಭದಲ್ಲಿ, ಕೆರೆ ಇನ್ನೂ ಹೆಪ್ಪುಗಟ್ಟಿದ್ದಾಗ, ಥೋರೋ ದಿಕ್ಸೂಚಿ, ಸರಪಳಿ, ಅಳತೆ ದಾರ ಹಿಡಿದು ಹೊರಟ. ಮೀನು ಹಿಡಿಯುವ ದಾರಕ್ಕೆ ಸುಮಾರು ಒಂದೂವರೆ ಪೌಂಡ್ ತೂಕದ ಕಲ್ಲು ಕಟ್ಟಿ ಇಳಿಬಿಟ್ಟ. ತಳಕ್ಕೆ ಕೂತ ಕಲ್ಲನ್ನು ಮೇಲೆತ್ತುವಾಗ, ಅದರಡಿಗೆ ನೀರು ನುಗ್ಗುವವರೆಗೆ ಕೈಗೆ ಹೆಚ್ಚು ಭಾರ ತಗಲುತ್ತದೆ. ಆ ಎಳೆತದಿಂದಲೇ ತಳ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅತಿ ಹೆಚ್ಚಿನ ಆಳ 102 ಅಡಿ.

ಇಲ್ಲಿಗೇ ನಿಂತಿದ್ದರೆ ಅವನು ಒಳ್ಳೆಯ ಭೂಮಾಪಕ, ಅಷ್ಟೆ (ಮುಂದೆ ಅವನು ಭೂಮಾಪನ ಮಾಡಿಯೇ ಸಂಪಾದಿಸಿದ). ನಕ್ಷೆ ಬರೆದಾಗ ಅವನಿಗೆ ಇನ್ನೊಂದು ಕಂಡಿತು. ಕೆರೆಯ ಅತಿ ಉದ್ದದ ಗೆರೆ ಅತಿ ಅಗಲದ ಗೆರೆಯನ್ನು ಕೂಡುವ ಜಾಗದಲ್ಲೇ ಆಳವೂ ಅತಿ ಹೆಚ್ಚು. ತಕ್ಷಣ ಅವನ ಮನಸ್ಸು ಮನುಷ್ಯನತ್ತ ಹೊರಳುತ್ತದೆ: ಒಬ್ಬನ ದಿನನಿತ್ಯದ ನಡವಳಿಕೆಗಳ ಉದ್ದಗಲಕ್ಕೆ ಗೆರೆ ಎಳೆದರೆ, ಅವು ಕೂಡುವಲ್ಲಿ ಅವನ ಸ್ವಭಾವದ ಆಳ ಸಿಗುತ್ತದೆ. ನಿಸರ್ಗದ ಪ್ರತಿ ಸಂಗತಿಯೂ ಆತ್ಮದ ಒಂದು ಸಂಗತಿಗೆ ಸಂಕೇತ ಎಂಬ ಎಮರ್ಸನ್‌ನ ತತ್ವ ತರಗತಿಯಲ್ಲಿ ಎಷ್ಟು ವಿವರಿಸಿದರೂ ಹೊಗೆಯಂತೆ ಕೈಗೆ ಸಿಗುವುದಿಲ್ಲ. ಈ ಎರಡು ಗೆರೆಗಳನ್ನು ಹಲಗೆಯ ಮೇಲೆ ಎಳೆದರೆ ಸಿಗುತ್ತದೆ. ಕೆರೆ ಇಷ್ಟು ಆಳವಾಗಿ, ಶುದ್ಧವಾಗಿ ಸಂಕೇತವಾಗಿ ನಿಂತದ್ದಕ್ಕೆ ಕೃತಜ್ಞ ಎಂದು ಅಳೆದ ನಂತರವೂ ಅವನು ಬರೆಯುತ್ತಾನೆ. ಅಳತೆಯಿಂದ ಬೆರಗು ಕಡಿಮೆಯಾಗಲಿಲ್ಲ. ನನಗೆ ಈ ಪುಸ್ತಕ ಇಷ್ಟವಾಗುವುದು ಇದಕ್ಕೇ.

ಗೀತೆಯ ವಿಷಯ ಬಂದಾಗ ತರಗತಿಗೆ ಉತ್ಸಾಹ ಹೆಚ್ಚು. ಬೆಳಗಿನ ಹೊತ್ತು ಭಗವದ್ಗೀತೆಯಲ್ಲಿ ಬುದ್ಧಿಯನ್ನು ಮೀಯಿಸುತ್ತೇನೆ ಎನ್ನುವ ಥೋರೋ, ತನ್ನ ಕೆರೆಯಿಂದ ಕೊಯ್ದ ಮಂಜುಗಡ್ಡೆ ಮದ್ರಾಸು, ಮುಂಬಯಿ, ಕಲ್ಕತ್ತೆಗಳಿಗೆ ಹೋಗಿ ಗಂಗೆಯಲ್ಲಿ ಬೆರೆಯುವುದನ್ನು ಊಹಿಸುತ್ತಾನೆ. ಆ ವ್ಯಾಪಾರ ನಿಜವಾದದ್ದು. ಬಾಸ್ಟನ್ನಿನ ಟ್ಯೂಡರ್ ಕಂಪನಿಯ ಮಂಜುಗಡ್ಡೆಗೆಂದು ಕಟ್ಟಿದ ಐಸ್ ಹೌಸ್ ಚೆನ್ನೈನ ಮರೀನಾ ತೀರದಲ್ಲಿ ಇಂದಿಗೂ ಇದೆ, 1897ರಲ್ಲಿ ವಿವೇಕಾನಂದರು ತಂಗಿದ್ದು ಅಲ್ಲೇ. ಹಾಗೆಂದು ‘ಎಲ್ಲವೂ ನಮ್ಮ ವೇದಾಂತದ್ದೇ’ ಎಂಬ ತೀರ್ಪಿಗೆ ನಾನು ಒಪ್ಪುವುದಿಲ್ಲ. ವಿಲ್ಕಿನ್ಸ್ 1785ರಲ್ಲಿ ಇಂಗ್ಲಿಷಿಗೆ ತಂದ ಗೀತೆಯ ಜೊತೆಗೆ ಜರ್ಮನ್ ತತ್ವಜ್ಞಾನಿ ಕಾಂಟ್, ಇಂಗ್ಲಿಷ್ ಕವಿ ಕೋಲ್‌ರಿಜ್, ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ ಚರ್ಚಿನೊಳಗಿನ ಜಗಳಗಳೂ ಇವರನ್ನು ರೂಪಿಸಿವೆ.

ಕಷ್ಟದ ಪಾಠ ಜಾನ್ ಫೀಲ್ಡ್‌ನದು. ಈ ಬಡ ಐರಿಷ್ ಕೂಲಿಕಾರ ಎಕರೆಗೆ ಹತ್ತು ಡಾಲರ್‌ಗೆ ಜೌಗು ನೆಲ ಅಗೆಯುತ್ತಾನೆ; ಹೆಂಡತಿ, ಮಕ್ಕಳು, ಸೋರುವ ಗುಡಿಸಲು. ಮಳೆಗೆ ಅಲ್ಲಿ ನಿಂತ ಥೋರೋ ಅವನಿಗೆ ಬುದ್ಧಿ ಹೇಳುತ್ತಾನೆ: ಟೀ, ಕಾಫಿ, ಬೆಣ್ಣೆ, ಮಾಂಸ ಬಿಟ್ಟರೆ ಇಷ್ಟು ದುಡಿಯಬೇಕಾಗಿಲ್ಲ. ಜಾನ್ ನಿಟ್ಟುಸಿರು ಬಿಡುತ್ತಾನೆ. ಕೂಲಿ ಮನೆಗಳಿಂದ ಬಂದ ನನ್ನ ವಿದ್ಯಾರ್ಥಿಗಳಿಗೆ ಇಲ್ಲಿ ಸಿಟ್ಟು ಬರುತ್ತದೆ. “ಮೇಡಂ, ಇವನಿಗೆ ಮಕ್ಕಳಿರಲಿಲ್ಲ, ಕೂತ ಜಾಗವೂ ಎಮರ್ಸನ್‌ನದು, ಊರು ಒಂದೂವರೆ ಮೈಲಿ. ಇವನು ಹೇಳಬಹುದು” ಎಂದ ಹುಡುಗನಿಗೆ ನಾನು ಥೋರೋ ಪರ ವಕಾಲತ್ತು ಮಾಡಲಿಲ್ಲ. ಊರಿಗೆ ಆಗಾಗ ಹೋಗುತ್ತಿದ್ದುದನ್ನು ಥೋರೋ ಮುಚ್ಚಿಡಲಿಲ್ಲ ಎಂಬುದಷ್ಟನ್ನೇ ತೋರಿಸಿದೆ. ಉಳಿದ ಆಕ್ಷೇಪ ನ್ಯಾಯವಾದದ್ದು. ತಾನೇ ಪರೀಕ್ಷಿಸಿ ನೋಡು ಎಂದ ಲೇಖಕನನ್ನು ಆ ಹುಡುಗ ಅವನದೇ ಕ್ರಮದಲ್ಲಿ ಪರೀಕ್ಷಿಸಿದ್ದ. ಅಂಥ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಹುಡುಗಿಯರು ಕೇಳುವುದು ಬೇರೆ: ಹೆಣ್ಣೊಬ್ಬಳು ಹಾಗೆ ಕೆರೆಯ ದಡದಲ್ಲಿ ಒಬ್ಬಳೇ ಇರಬಹುದಿತ್ತೇ? ಆಗ ನಾನು ಮಾರ್ಗರೆಟ್ ಫುಲ್ಲರ್ ಕಡೆ ತಿರುಗುತ್ತೇನೆ. ಈ ಬಳಗದ ‘ಡಯಲ್’ ಪತ್ರಿಕೆಗೆ 1840ರಲ್ಲಿ ಮೊದಲ ಸಂಪಾದಕಿಯಾದವಳು, ಬಾಸ್ಟನ್ನಿನ ಹೆಂಗಸರನ್ನು ಸೇರಿಸಿ ತತ್ವ, ಕಲೆಗಳ ಚರ್ಚೆ ನಡೆಸಿದವಳು. ಥೋರೋ ಕೆರೆಗೆ ಹೋದ 1845ರಲ್ಲೇ, ಆತ್ಮಾವಲಂಬನೆ ಹೆಣ್ಣಿಗೂ ಸಲ್ಲಬೇಕು ಎಂದು ವಾದಿಸುವ ಆಕೆಯ ಪುಸ್ತಕ ಬಂತು. ನಮ್ಮ ಪಠ್ಯಕ್ರಮದಲ್ಲಿ ಆಕೆ ಇಲ್ಲ. ಗ್ರಂಥಾಲಯದ ಅವಧಿಯಲ್ಲಿ ಕೆಲವು ಪುಟ ಓದಿಸುತ್ತೇನೆ. ಮುಂದಿನ ಪರಿಷ್ಕರಣೆಯಲ್ಲಿ ಆಕೆಯನ್ನು ಸೇರಿಸಬೇಕೆಂದು ನಾವು ಕೆಲವು ಅಧ್ಯಾಪಕರು ಅಧ್ಯಯನ ಮಂಡಳಿಗೆ ಬರೆದಿದ್ದೇವೆ.